ಹೊಂಗೆಗೆ ಹೆಸರು ಎರಡು, ಮರ ಒಂದೇ: ಪದವಿ ತರಗತಿಗೆ ಇಕಾಲಜಿಯನ್ನು ಕೊಠಡಿಯ ಹೊರಗೆ ಕಲಿಸುವುದು ಹೇಗೆ?

ಹೊಂಗೆನೆರಳು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಪಟ್ಟಣವೊಂದರ ಪದವಿ ಕಾಲೇಜಿನಲ್ಲಿ ಆರು ವರ್ಷಗಳಿಂದ ಸಸ್ಯಶಾಸ್ತ್ರ ಕಲಿಸುತ್ತಿದ್ದೇನೆ. ಈ ವರ್ಷ ಇಕಾಲಜಿ ಮತ್ತು ಸಂರಕ್ಷಣೆಯ ಪತ್ರಿಕೆ ನನ್ನ ಪಾಲಿಗೆ ಬಂದಿದೆ. ತರಗತಿಯಲ್ಲಿ 64 ವಿದ್ಯಾರ್ಥಿಗಳಿದ್ದಾರೆ, ವಾರಕ್ಕೊಂದು ಪ್ರಾಯೋಗಿಕ ಅವಧಿ ಇದೆ, ಪ್ರವಾಸಕ್ಕೆಂದು ಕಾಲೇಜಿನಿಂದ ಬರುವ ಹಣ ಏನೂ ಇಲ್ಲ.

ಕಳೆದ ಸೆಮಿಸ್ಟರಿನ ಮೌಖಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗನ ಕೈಗೆ ಒಂದು ಟೊಂಗೆ ಕೊಟ್ಟು ಗುರುತಿಸಲು ಹೇಳಿದೆ. ಅವನು ಸ್ವಲ್ಪವೂ ತಡವರಿಸದೆ "ಪೊಂಗಾಮಿಯ ಪಿನ್ನೇಟ, ಫ್ಯಾಬೇಸೀ ಕುಟುಂಬ" ಎಂದು ಹೇಳಿ, ಹೂವಿನ ಸೂತ್ರವನ್ನೂ ಸರಿಯಾಗಿ ಬರೆದುಕೊಟ್ಟ. ಇದು ಎಲ್ಲಿ ಬೆಳೆಯುತ್ತದೆ ಎಂದು ಕೇಳಿದಾಗ ಪಶ್ಚಿಮ ಘಟ್ಟದಲ್ಲಿ ಎಂದ. ಕಿಟಕಿಯಾಚೆ ಅದೇ ಮರದ ನೆರಳಿನಲ್ಲಿ ಅವನ ಸೈಕಲ್ ನಿಂತಿತ್ತು. ನಾನು ಕನ್ನಡದ ಹೆಸರು ಹೇಳಿದ ಕೂಡಲೇ ಅವನ ಮುಖ ಬದಲಾಯಿತು. ಪ್ರತಿ ವರ್ಷ ನಾಟಿಗೆ ಮೊದಲು ಹೊಂಗೆಸೊಪ್ಪನ್ನು ಗಾಡಿಗಟ್ಟಲೆ ತಂದು ಗದ್ದೆಗೆ ತುಳಿಯುವ ಮನೆಯವನು ಅವನು. ಸೊಪ್ಪನ್ನು ಏಕೆ ತುಳಿಯುತ್ತಾರೆಂಬುದೂ ಅವನಿಗೆ ಗೊತ್ತು, ಫ್ಯಾಬೇಸೀ ಕುಟುಂಬದ ಬೇರುಗಂಟುಗಳು ಸಾರಜನಕವನ್ನು ಹಿಡಿದಿಡುತ್ತವೆ ಎಂಬುದೂ ಅವನಿಗೆ ಗೊತ್ತು. ಈ ಎರಡು ತಿಳಿವಳಿಕೆಗಳು ಒಂದೇ ತಲೆಯಲ್ಲಿದ್ದೂ ಒಮ್ಮೆಯೂ ಭೇಟಿಯಾಗಿರಲಿಲ್ಲ. ಅವನಿಗೆ ಪೂರ್ಣಾಂಕ ಕೊಟ್ಟೆ. ಆದರೆ ಆ ದಿನದಿಂದ ನನಗೆ ನೆಮ್ಮದಿಯಿಲ್ಲ.

ನಮ್ಮ ಚೌಕ ವಿಧಾನದ ಪ್ರಯೋಗ, ಅಂದರೆ ನೆಲದ ಮೇಲೆ ಅಳತೆಯ ಚೌಕ ಹಾಕಿ ಅದರೊಳಗಿನ ಗಿಡ ಎಣಿಸುವುದು, ಕಾಗದದ ಮೇಲೆ ನಡೆಯುತ್ತದೆ. ಸಿದ್ಧ ಅಂಕಿಗಳನ್ನು ಹಲಗೆಯ ಮೇಲೆ ಬರೆಯುತ್ತೇವೆ, ಅವರು ಸಾಂದ್ರತೆ (ಚೌಕಕ್ಕೆ ಎಷ್ಟು ಗಿಡ) ಮತ್ತು ಆವರ್ತನ (ಎಷ್ಟು ಚೌಕಗಳಲ್ಲಿ ಕಂಡಿತು) ಲೆಕ್ಕ ಹಾಕಿ ರೆಕಾರ್ಡ್ ಪುಸ್ತಕ ತುಂಬುತ್ತಾರೆ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳೇ ಹಣ ಹಾಕಿ ಬಂಡೀಪುರಕ್ಕೋ ನಾಗರಹೊಳೆಗೋ ಹೋಗಿ ಬರುತ್ತಾರೆ. ಹಣವಿಲ್ಲದ ಮಕ್ಕಳು ಉಳಿದುಬಿಡುತ್ತಾರೆ.

ಈ ಪತ್ರಿಕೆಯನ್ನು ನಿಜವಾಗಿ ಹೊರಗೆ ಕಲಿಸಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಎಲ್ಲಿಂದ ಆರಂಭಿಸಿದಿರಿ?

ಒಣಹುಲ್ಲು

ಕಾಡಿನ ಪ್ರವಾಸವನ್ನು ಕೈಬಿಡಿ ಎಂಬುದು ನನ್ನ ಮೊದಲ ಮಾತು. ಜೀಪಿನೊಳಗೆ ಎರಡು ಗಂಟೆ ಕುಳಿತು ಹುಲಿಗಾಗಿ ಕಾಯುವ ವಿದ್ಯಾರ್ಥಿ ಇಕಾಲಜಿ ಕಲಿಯುವುದಿಲ್ಲ. ಹುಲಿ ಕಾಣದಿದ್ದರೆ ಏನೂ ಇರಲಿಲ್ಲ ಎಂದುಕೊಂಡು ಮರಳುತ್ತಾನೆ. ಒಂದೇ ಜಾಗಕ್ಕೆ ಹದಿನೈದು ಸಲ ಹೋಗಬೇಕು, ಹದಿನೈದು ಜಾಗಕ್ಕೆ ಒಂದೊಂದು ಸಲ ಅಲ್ಲ.

ಹರ್ಬೇರಿಯಂಮೇಷ್ಟ್ರು

ಮೂವತ್ತೆರಡು ವರ್ಷ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ತಮ್ಮ ಪ್ರಶ್ನೆ ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು.

ಮೊದಲು ಹೆಸರು ಕಲಿಸಿ. ಹೆಸರೇ ತಿಳಿಯದಿದ್ದರೆ ವಿದ್ಯಾರ್ಥಿ ಎಣಿಸುವುದಾದರೂ ಏನನ್ನು? ನಾವು ಓದುವಾಗ ಸೆಮಿಸ್ಟರಿಗೆ ಐವತ್ತು ಗಿಡಗಳನ್ನು ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಸಿಕ್ಕ ಊರು, ದಿನಾಂಕ, ಮಣ್ಣು, ಹೂವಿನ ಬಣ್ಣ ಎಲ್ಲವನ್ನೂ ಬರೆದು ಒಪ್ಪಿಸಬೇಕಿತ್ತು. ಆ ಕೆಲಸದಲ್ಲಿ ಗಿಡ ಕೈಗೆ ಹತ್ತುತ್ತಿತ್ತು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಸೆಸಿಲ್ ಸಲ್ಡಾನ್ಹಾ ಅವರು ಹಾಸನ ಜಿಲ್ಲೆಯನ್ನು ಸುತ್ತಿ, ಡಾನ್ ನಿಕಲ್ಸನ್ ಅವರೊಡನೆ ಸೇರಿ 1976ರಲ್ಲಿ ಆ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು ಹೊರತಂದರು. ಅದಕ್ಕಾಗಿ ಸಂಗ್ರಹಿಸಿದ ಹಾಳೆಗಳಿಂದ ಬೆಳೆದ ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹ, ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದೆ. ಕರ್ನಾಟಕದ ಸಸ್ಯಗಳ ಚಿತ್ರ, ವಿವರಗಳನ್ನು ಆ ಕೇಂದ್ರ ಅಂತರ್ಜಾಲದಲ್ಲೂ ಇಟ್ಟಿದೆ. ಪದವಿ ಕಾಲೇಜಿನ ಒಬ್ಬ ಮೇಷ್ಟ್ರು ಒಂದು ಜಿಲ್ಲೆಯನ್ನು ಹಿಡಿದು ಕುಳಿತರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಅಂಕಿಅಂಶ

ಮೇಷ್ಟ್ರೇ, ನಿಮ್ಮ ಮಾತಿನ ಮೇಲೆ ಗೌರವವಿಟ್ಟೇ ಭಿನ್ನಮತ ಹೇಳುತ್ತೇನೆ. ಹೆಸರಿನಿಂದ ಆರಂಭಿಸಿದರೆ ಸೆಮಿಸ್ಟರ್ ಹೆಸರಿನಲ್ಲೇ ಮುಗಿಯುತ್ತದೆ. ಇಷ್ಟು ವರ್ಷ ನಡೆದಿರುವುದೂ ಅದೇ. ಪ್ರಶ್ನೆ ಕೇಳಿದವರ ವಿದ್ಯಾರ್ಥಿಗೆ ಲ್ಯಾಟಿನ್ ಹೆಸರು ಬಾಯಿಗೆ ಬರುತ್ತಿತ್ತಲ್ಲ, ಅದರಿಂದ ಅವನಿಗೆ ಕಿಟಕಿಯಾಚೆಯ ಮರ ಕಂಡಿತೇ?

ಗಿಡಗಳನ್ನು "ಅ, ಆ, ಇ" ಎಂದು ಗುರುತಿಸಿಕೊಂಡೇ ಎಣಿಸಬಹುದು. ಅಗಲ ಎಲೆಯದು, ಮುಳ್ಳಿನದು, ಹಾಲು ಸುರಿಸುವುದು ಎಂದು ವಿಂಗಡಿಸಿದರೂ ವೈವಿಧ್ಯದ ಸೂಚ್ಯಂಕ, ಅಂದರೆ ಎಷ್ಟು ಬಗೆ, ಒಂದೊಂದೂ ಎಷ್ಟು ಎಂಬುದನ್ನು ಒಂದೇ ಅಂಕಿಯಲ್ಲಿ ಹೇಳುವ ಅಳತೆ, ಲೆಕ್ಕ ಹಾಕಲು ಅಡ್ಡಿಯಿಲ್ಲ. ಅವರು ಕಲಿಯಬೇಕಾದದ್ದು ಬೇರೆ: ಒಂದು ಚೌಕದಲ್ಲಿ ಕಂಡದ್ದು ಇಡೀ ಮೈದಾನಕ್ಕೆ ಸಲ್ಲುತ್ತದೆಯೇ? ಚೌಕವನ್ನು ಎಲ್ಲಿ ಇಡಬೇಕೆಂದು ಯಾರು ತೀರ್ಮಾನಿಸಿದರು? ಗಿಡ ಹೆಚ್ಚಿರುವ ಕಡೆಯೇ ಇಟ್ಟರೆ ಲೆಕ್ಕ ಎಷ್ಟು ತಪ್ಪುತ್ತದೆ?

ನಾನು ಮೊದಲ ವಾರ ಹುಣಸೆಬೀಜದಿಂದ ಆರಂಭಿಸುತ್ತೇನೆ. ಚೌಕಾಬಾರ ಆಡಲು ಬೀಜದ ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಳ್ಳುತ್ತಿದ್ದೆವಲ್ಲ, ಹಾಗೆ 50 ಬೀಜಗಳನ್ನು ಉಜ್ಜಿ, ಎಷ್ಟಿವೆಯೆಂದು ಯಾರಿಗೂ ತಿಳಿಯದ ಬೀಜದ ಚೀಲಕ್ಕೆ ಹಾಕಿ ಕಲಸಬೇಕು. ನಂತರ ಕೈಹಾಕಿ 40 ಬೀಜ ತೆಗೆದಾಗ ಅದರಲ್ಲಿ ಉಜ್ಜಿದವು 8 ಬಂದವು ಎಂದಿಟ್ಟುಕೊಳ್ಳಿ. 50ನ್ನು 40ರಿಂದ ಗುಣಿಸಿ 8ರಿಂದ ಭಾಗಿಸಿದರೆ 250. ಚೀಲದಲ್ಲಿ ಸುಮಾರು 250 ಬೀಜಗಳಿವೆ ಎಂಬ ಅಂದಾಜು ಸಿಕ್ಕಿತು. ಇನ್ನೊಬ್ಬರು ತೆಗೆದಾಗ 5 ಬಂದರೆ ಅಂದಾಜು 400ಕ್ಕೆ ಏರುತ್ತದೆ. ಒಂದೇ ಚೀಲಕ್ಕೆ ಎರಡು ಉತ್ತರ ಹೇಗೆ ಬಂತೆಂದು ವಿದ್ಯಾರ್ಥಿಗಳೇ ಜಗಳಕ್ಕೆ ನಿಲ್ಲುತ್ತಾರೆ. ಆ ಜಗಳ ಹುಟ್ಟಿದ ಮೇಲೆ, ಹುಲಿಯ ಗಣತಿಯನ್ನು ಏಕೆ ಒಂದೇ ಸಂಖ್ಯೆಯಲ್ಲಿ ಹೇಳದೆ ಇಷ್ಟರಿಂದ ಇಷ್ಟರವರೆಗೆ ಎಂದು ಹೇಳುತ್ತಾರೆಂಬುದನ್ನು ವಿವರಿಸುವುದು ಸುಲಭ.

ಹರ್ಬೇರಿಯಂಮೇಷ್ಟ್ರು

ಹುಣಸೆಬೀಜದ ಪ್ರಯೋಗ ಚೆನ್ನಾಗಿದೆ, ಒಪ್ಪಿದೆ. ಆದರೆ "ಅ, ಆ, ಇ" ಒಪ್ಪಲಾರೆ. ಅಗಲ ಎಲೆಯದು ಎಂದು ನೀವು ಒಂದೇ ಗುಂಪಿಗೆ ಹಾಕಿದ್ದರಲ್ಲಿ ನಾಲ್ಕು ಜಾತಿಗಳಿದ್ದರೆ ನಿಮ್ಮ ಸೂಚ್ಯಂಕಕ್ಕೆ ಏನು ಬೆಲೆ? ಹೆಸರು ಬರಿಯ ಚೀಟಿಯಲ್ಲ. ಆ ಗಿಡದ ಬಗ್ಗೆ ಬೇರೆಯವರು ಈವರೆಗೆ ಕಂಡುಕೊಂಡದ್ದನ್ನೆಲ್ಲ ತೆರೆಯುವ ಬೀಗದಕೈ ಅದು.

ಕ್ಯಾಸನೂರುಹತ್ತಿರ

ಎರಡು ಹೆಸರೂ ಬೇಕು ಎನ್ನುವುದು ನನ್ನ ಅನುಭವ. ಹೊಂಗೆಯನ್ನೇ ನೋಡಿ. ಹಳೆಯ ಪುಸ್ತಕಗಳಲ್ಲಿ ಅದು ಪೊಂಗಾಮಿಯ ಗ್ಲಾಬ್ರ, ಕೆಲವು ಕಡೆ ಡೆರಿಸ್ ಇಂಡಿಕ, ಈಗ ಕೆಲವರು ಮಿಲ್ಲೆಟಿಯ ಪಿನ್ನೇಟ ಎನ್ನುತ್ತಾರೆ. ಲ್ಯಾಟಿನ್ ಹೆಸರು ಇಷ್ಟು ಸಲ ಬದಲಾದರೂ ಹೊಂಗೆ ಹೊಂಗೆಯಾಗಿಯೇ ಇದೆ. ಹಾಗೆಂದು ಕನ್ನಡದ ಹೆಸರೊಂದೇ ಸಾಕೆನ್ನಲೂ ಆಗದು; ಒಂದೇ ಗಿಡಕ್ಕೆ ಸಿದ್ದಾಪುರದಲ್ಲಿ ಒಂದು ಹೆಸರು, ಸುಳ್ಯದಲ್ಲಿ ಇನ್ನೊಂದು.

ನಾನು ಮಲೆನಾಡಿನಿಂದ ಬಂದು ಸ್ನಾತಕೋತ್ತರ ಪದವಿ ಓದಿದವಳು. ಒಂದು ವಿಷಯ ನನಗೆ ಇಂದಿಗೂ ನೋವು ತರುತ್ತದೆ. ರೋಗ ಮತ್ತು ಪರಿಸರದ ಸಂಬಂಧವನ್ನು ನಮಗೆ ಅಮೆರಿಕದ ಲೈಮ್ ಕಾಯಿಲೆಯ ಉದಾಹರಣೆಯಿಂದ ಕಲಿಸಿದರು. ಜಿಂಕೆ, ಇಲಿ, ಉಣ್ಣೆ (ರಕ್ತ ಹೀರುವ ಉಣುಗು) ಎಲ್ಲದರ ಚಿತ್ರವನ್ನು ಬಿಡಿಸಿದೆವು. ನಮ್ಮೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯೂ ಆಗದ, ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯುತ್ತಿದ್ದಾಗ ಪತ್ತೆಯಾದ ಮಂಗನ ಕಾಯಿಲೆಗೆ ಜಗತ್ತೇ ಆ ಊರಿನ ಹೆಸರಿಟ್ಟಿದೆ. ನಮ್ಮ ಮನೆಯಲ್ಲೇ ಆ ಕಾಯಿಲೆಯಿಂದ ತೀರಿಕೊಂಡವರಿದ್ದಾರೆ. ಪಾಠದಲ್ಲಿ ಅದು ಒಂದು ಸಾಲಾಗಿ ಬಂತು.

ಕಲಿಸಲು ಅದರಲ್ಲಿ ಎಷ್ಟೊಂದು ಇದೆ ನೋಡಿ. ವೈರಸ್ಸನ್ನು ಹೊತ್ತ ಉಣ್ಣೆಮರಿಗಳು ಸಣ್ಣ ಪ್ರಾಣಿಗಳ ಮೇಲೂ ಮಂಗಗಳ ಮೇಲೂ ಬದುಕುತ್ತವೆ. ಬಲಿತ ಉಣ್ಣೆಗಳಿಗೆ ದನದಂತಹ ದೊಡ್ಡ ಪ್ರಾಣಿ ಬೇಕು. ದನದ ಮೈಯಲ್ಲಿ ವೈರಸ್ ಹೆಚ್ಚಾಗಿ ಬೆಳೆಯದಿದ್ದರೂ ಉಣ್ಣೆಯ ಸಂಖ್ಯೆಯನ್ನು ದನ ಹೆಚ್ಚಿಸುತ್ತದೆ. ಕಾಡಿನ ಅಂಚನ್ನು ಕಡಿದು ಗದ್ದೆ ಮಾಡಿ, ಅದೇ ಅಂಚಿನಲ್ಲಿ ದನ ಮೇಯಿಸಿದಾಗ ಉಣ್ಣೆ, ಸಣ್ಣ ಪ್ರಾಣಿ, ದನ ಈ ಮೂರೂ ಒಂದೆಡೆ ಸೇರಿದವು ಎಂಬ ವಾದ 1960ರ ದಶಕದಿಂದಲೂ ಇದೆ. ಜೀವನಚಕ್ರ, ಅಂಚಿನ ಪರಿಣಾಮ, ಭೂಬಳಕೆಯ ಬದಲಾವಣೆ, ಇವೆಲ್ಲಕ್ಕೂ ಬೇರೆ ಖಂಡದ ಉದಾಹರಣೆ ಹುಡುಕಬೇಕಾಗಿರಲಿಲ್ಲ.

ಒಂದು ಎಚ್ಚರಿಕೆಯ ಮಾತು: ಮಲೆನಾಡಿಗೆ ವಿದ್ಯಾರ್ಥಿಗಳನ್ನು ಕರೆತರುವವರು ಚಳಿಗಾಲದಿಂದ ಮುಂಗಾರಿನವರೆಗಿನ ತಿಂಗಳುಗಳಲ್ಲಿ ಸ್ಥಳೀಯ ಆರೋಗ್ಯ ಕೇಂದ್ರವನ್ನು ಕೇಳದೆ ಕಾಡಿಗೆ ಇಳಿಸಬೇಡಿ. ಉಣ್ಣೆಮರಿಗಳ ಕಾಲ ಅದೇ.

ಬೆಂಚಿನಕೊನೆ

ನಾನು ಅಂತಿಮ ವರ್ಷದ ವಿದ್ಯಾರ್ಥಿ. ಹಿರಿಯರ ಚರ್ಚೆಯ ನಡುವೆ ಬಂದದ್ದಕ್ಕೆ ಕ್ಷಮಿಸಿ. ಹೊರಗೆ ಹೋಗುವುದು ನಮಗೆಲ್ಲ ಇಷ್ಟವೇ. ಆದರೆ ಪ್ರಶ್ನೆಪತ್ರಿಕೆಯಲ್ಲಿ "ಚೌಕ ವಿಧಾನವನ್ನು ವಿವರಿಸಿ, 10 ಅಂಕ" ಎಂದಷ್ಟೇ ಬರುತ್ತದೆ. ಮೈದಾನದಲ್ಲಿ ಮೂರು ಗಂಟೆ ಎಣಿಸಿದವನಿಗೂ ಗೈಡ್ ಓದಿದವನಿಗೂ ಒಂದೇ ಅಂಕ, ಎಷ್ಟೋ ಸಲ ಗೈಡ್ ಓದಿದವನಿಗೇ ಹೆಚ್ಚು. ನನ್ನ ಜೊತೆಗಾರರಲ್ಲಿ ಅನೇಕರು ಮಧ್ಯಾಹ್ನ ಅಂಗಡಿಗಳಲ್ಲಿ ದುಡಿಯುತ್ತಾರೆ. ಹೊರಗಿನ ಕೆಲಸಕ್ಕೆ ಆಂತರಿಕ ಅಂಕ ಕೊಡದಿದ್ದರೆ ಅವರು ಬರಲು ಆಗುವುದಿಲ್ಲ.

ಇನ್ನೊಂದು ಮಾತು. 2021ರಲ್ಲಿ ನಾಲ್ಕು ವರ್ಷದ ಹೊಸ ಪಠ್ಯಕ್ರಮ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದರು. ಯಾವ ಪ್ರಯೋಗ ಉಳಿಯಿತು, ಯಾವುದು ಹೋಯಿತು ಎಂಬುದು ನಮಗಿರಲಿ, ಕೆಲವು ಮೇಷ್ಟ್ರುಗಳಿಗೂ ಗೊಂದಲವಿದೆ.

ಹೊಂಗೆನೆರಳು

ಕ್ಷಮೆ ಕೇಳಬೇಡಿ, ಈ ಮಾತು ಬೇಕಿತ್ತು. ಪ್ರಶ್ನೆಪತ್ರಿಕೆ ನನ್ನ ಕೈಯಲ್ಲಿಲ್ಲ, ಆಂತರಿಕ ಅಂಕ ನನ್ನ ಕೈಯಲ್ಲಿದೆ. ರೆಕಾರ್ಡ್ ಪುಸ್ತಕದ ಬದಲು ಕ್ಷೇತ್ರದ ಟಿಪ್ಪಣಿ ಪುಸ್ತಕಕ್ಕೆ ಅಂಕ ಕೊಡಲು ವಿಭಾಗದ ಮುಖ್ಯಸ್ಥರನ್ನು ಕೇಳುತ್ತೇನೆ.

ತಾಯಿಬೇರು

ನನ್ನ ತರಗತಿಯಲ್ಲಿ ಮುಕ್ಕಾಲು ಭಾಗ ಹೆಣ್ಣುಮಕ್ಕಳು. ಇಲ್ಲಿ ಯಾರೂ ಈವರೆಗೆ ಹೇಳದ ಮಾತನ್ನು ಹೇಳಬೇಕಾಗಿದೆ. ಹೊರಗಿನ ಪಾಠ ಎಂದ ಕೂಡಲೇ ಹೆಣ್ಣುಮಕ್ಕಳು ಹಿಂದೆ ಸರಿಯುವುದು ಆಸಕ್ತಿ ಇಲ್ಲದೆ ಅಲ್ಲ. ಶೌಚಾಲಯ ಎಲ್ಲಿದೆ, ಸಂಜೆಯ ಬಸ್ ತಪ್ಪಿದರೆ ಏನು, ಮನೆಯಲ್ಲಿ ಏನು ಹೇಳಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅವರೇ ಮುಂದೆ ನಿಲ್ಲುತ್ತಾರೆ. ನಾನು ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ, ಕಾಲೇಜಿನಿಂದ ಒಂದು ಕಿಲೋಮೀಟರಿನೊಳಗೆ ಮಾತ್ರ ಹೊರಗಿನ ತರಗತಿ ಇಡುತ್ತೇನೆ. ಸೆಮಿಸ್ಟರಿನ ಆರಂಭದಲ್ಲೇ ತಂದೆತಾಯಿಗೆ ಕನ್ನಡದಲ್ಲಿ ಒಂದು ಪತ್ರ ಕಳಿಸಿ, ಎಲ್ಲ ದಿನಾಂಕಗಳನ್ನೂ ತಿಳಿಸಿಬಿಡುತ್ತೇನೆ. ನಾಲ್ಕು ವರ್ಷಗಳಲ್ಲಿ ಯಾವ ತಾಯಿಯೂ ಬೇಡ ಎಂದಿಲ್ಲ.

ನಮ್ಮ ಕೆಲಸವೆಲ್ಲ ಕೆರೆಯ ಏರಿಯ ಮೇಲಿನ ಒಂದು ಅತ್ತಿಮರದಲ್ಲೇ ನಡೆಯುತ್ತದೆ. ಅತ್ತಿಹಣ್ಣು ಬಿಡಿಸಿದರೆ ಹುಳ ಎಂದು ಹಿರಿಯರು ಹೇಳುವುದನ್ನು ಎಲ್ಲರೂ ಕೇಳಿರುತ್ತಾರೆ. ಬಿಡಿಸಿ ನೋಡಿ ಎನ್ನುತ್ತೇನೆ. ಒಳಗಿರುವುದು ಕೊಳೆತ ಹಣ್ಣಿನ ಹುಳವಲ್ಲ, ಕೆಲವೇ ಮಿಲಿಮೀಟರ್ ಉದ್ದದ ಕಣಜಗಳು. ಅತ್ತಿಕಾಯಿ ಎಂದರೆ ಒಳಮುಖವಾಗಿ ಅರಳಿದ ನೂರಾರು ಹೂಗಳ ಗೊಂಚಲು, ಆ ಕಣಜವಲ್ಲದೆ ಬೇರಾರೂ ಅದಕ್ಕೆ ಪರಾಗ ತರಲಾರರು. ಹೆಣ್ಣುಕಣಜ ಕಿರಿದಾದ ಬಾಯಿಯಲ್ಲಿ ನುಗ್ಗುವಾಗ ರೆಕ್ಕೆಗಳನ್ನೂ ಕಳೆದುಕೊಂಡು, ಒಳಗೆ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಕೈಮಸೂರದಲ್ಲಿ (ಕೈಯಲ್ಲಿ ಹಿಡಿಯುವ ಭೂತಗನ್ನಡಿಯಲ್ಲಿ) ಇದನ್ನು ಕಂಡ ಮಕ್ಕಳಿಗೆ ಸಹಜೀವನ ಎಂಬ ಪದದ ವ್ಯಾಖ್ಯೆಯನ್ನು ಮತ್ತೆ ಬರೆಸಬೇಕಾಗಿಲ್ಲ.

ಕಪ್ಪೆಗೂಗು

ನೋಡುವ ಅವಕಾಶವೇ ಪ್ರಾಣಿಶಾಸ್ತ್ರದಲ್ಲಿ ಕಡಿಮೆಯಾಗಿದೆ. 2014ರಲ್ಲಿ ಕಪ್ಪೆಯಂತಹ ಪ್ರಾಣಿಗಳನ್ನು ಕೊಯ್ದು ನೋಡುವ ಛೇದನವನ್ನು ಕಾನೂನು ಮಾಡಿ ನಿಲ್ಲಿಸಿದ ಮೇಲೆ ಪ್ರಯೋಗಾಲಯದಲ್ಲಿ ಗಣಕಯಂತ್ರದ ಚಿತ್ರಗಳಷ್ಟೇ ಉಳಿದಿವೆ.

ತಾಯಿಬೇರು

ಸಣ್ಣ ತಿದ್ದುಪಡಿ. ಅದು ಸಂಸತ್ತಿನ ಕಾನೂನಲ್ಲ, ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) ನಿರ್ದೇಶನ. 2011ರಲ್ಲಿ ಹಂತಹಂತವಾಗಿ ಕಡಿಮೆ ಮಾಡಲು ಹೇಳಿದರು, 2014ರಲ್ಲಿ ಪೂರ್ತಿ ನಿಲ್ಲಿಸಿದರು. ನನಗೆ ಅದರಿಂದ ದುಃಖವಿಲ್ಲ. ಸಾವಿರಾರು ಕಾಲೇಜುಗಳಿಗೆ ಕಪ್ಪೆಗಳು ಬರುತ್ತಿದ್ದುದು ಗದ್ದೆಗಳಿಂದಲೇ. ಕಪ್ಪೆಗಾಲಿನ ರಫ್ತನ್ನು 1987ರಲ್ಲಿ ನಿಲ್ಲಿಸಿದ ದೇಶದಲ್ಲಿ ತರಗತಿಗಾಗಿ ಅದೇ ಕಪ್ಪೆಯನ್ನು ಹಿಡಿಯುವುದು ಸರಿಯಾಗಿರಲಿಲ್ಲ.

ಕಪ್ಪೆಗೂಗು

ತಿದ್ದಿದ್ದಕ್ಕೆ ಧನ್ಯವಾದ. ಛೇದನ ಮರಳಲಿ ಎಂದು ನಾನೂ ಹೇಳುತ್ತಿಲ್ಲ. ಅದು ಹೋದ ಜಾಗಕ್ಕೆ ಜೀವಂತ ಪ್ರಾಣಿಯ ವೀಕ್ಷಣೆ ಬರಬೇಕಿತ್ತು, ಬರಲಿಲ್ಲ ಎಂಬುದೇ ನನ್ನ ಕೊರಗು. ಮಳೆಗಾಲದ ಮೊದಲ ವಾರ ಕಾಲೇಜಿನ ಹಿಂದಿನ ಹೊಂಡದ ಬಳಿ ಸಂಜೆ ಅರ್ಧ ಗಂಟೆ ನಿಂತು, ಎಷ್ಟು ಬಗೆಯ ಕೂಗು ಕೇಳುತ್ತದೆಂದು ಬರೆಯಿಸಿದರೂ ಒಂದು ಪ್ರಯೋಗವೇ. 2014ರಲ್ಲೇ, ಉತ್ತರ ಕನ್ನಡದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಿಂದ (ರಾಮಪತ್ರೆ ಮರಗಳ ಜೌಗು ಕಾಡಿನಿಂದ), ತನ್ನ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುವ ಕಪ್ಪೆಯೊಂದನ್ನು ಹೊಸ ಜಾತಿಯೆಂದು ವಿವರಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲೇ "ಕುಂಬಾರ" ಎಂಬ ಕನ್ನಡ ಪದವಿದೆ. ಮೇಷ್ಟ್ರು ಕೇಳುವ ಲ್ಯಾಟಿನ್ ಹೆಸರೂ ವಿದ್ಯಾರ್ಥಿಯ ಮನೆಮಾತೂ ಅಲ್ಲಿ ಕೂಡಿವೆ.

ಒಣಹುಲ್ಲು

ಪ್ರಶ್ನೆ ಕೇಳಿದವರು ತುಮಕೂರಿನ ಕಡೆಯವರು ಎಂದದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಎಲ್ಲರೂ ಕಾಡು, ಮರ, ಮಲೆನಾಡು ಎನ್ನುತ್ತಿದ್ದೀರಿ. ನಿಮ್ಮ ಸುತ್ತಲಿರುವುದು ಹುಲ್ಲುಗಾವಲು ಮತ್ತು ಕುರುಚಲು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಮರದ ಕಾಡಿನಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆಗಳಿವೆ. ಅದನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ್ದಾರೆ. ಅಮೃತಮಹಲ್ ದನಗಳ ಮೇವಿಗೆಂದು ಕಾದಿಟ್ಟ ಹುಲ್ಲುಗಾವಲುಗಳಾದ ಅಮೃತಮಹಲ್ ಕಾವಲುಗಳ ಹೆಸರನ್ನಾದರೂ ನಿಮ್ಮ ವಿದ್ಯಾರ್ಥಿಗಳು ಕೇಳಿರಬೇಕು.

ಪಠ್ಯದಲ್ಲಿ ಅನುಕ್ರಮಣದ, ಅಂದರೆ ಒಂದು ನೆಲದ ಸಸ್ಯಗಳು ಕಾಲಕ್ರಮದಲ್ಲಿ ಬದಲಾಗುವುದರ, ಚಿತ್ರ ಹೇಗಿರುತ್ತದೆ? ಬರಿ ನೆಲ, ನಂತರ ಹುಲ್ಲು, ನಂತರ ಪೊದೆ, ಕೊನೆಗೆ ಕಾಡು. ಇದನ್ನು ಓದಿದ ವಿದ್ಯಾರ್ಥಿ ಹುಲ್ಲುಗಾವಲನ್ನು ಇನ್ನೂ ಕಾಡಾಗದ, ಅರ್ಧಕ್ಕೆ ನಿಂತ ನೆಲ ಎಂದೇ ತಿಳಿಯುತ್ತಾನೆ. ಅವನೇ ಮುಂದೆ ಅಧಿಕಾರಿಯಾದರೆ ಅಲ್ಲಿ ಗಿಡ ನೆಡಿಸುತ್ತಾನೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದು ಅಭಯಾರಣ್ಯ ಮಾಡಿದರು, ಆದರೆ ಅದರ ಬಹುಭಾಗದಲ್ಲಿ ನೀಲಗಿರಿ ನೆಡುತೋಪುಗಳಿದ್ದವು. ಬಯಲೇ ಬೇಕಾದ ಎರೆಬೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಎಂಬ ದೊಡ್ಡ ಹಕ್ಕಿಗೆ ಅಲ್ಲಿ ನೆಲೆಯಿಲ್ಲದಾಯಿತು. ಈಗ ರಾಜ್ಯದಲ್ಲಿ ಆ ಹಕ್ಕಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ. ಇದು ದುರುದ್ದೇಶದಿಂದ ಆದದ್ದಲ್ಲ. ಮರ ನೆಟ್ಟರೆ ಒಳ್ಳೆಯದು ಎಂಬ ಪಾಠವನ್ನು ಚೆನ್ನಾಗಿ ಕಲಿತವರಿಂದ ಆದದ್ದು. ಆದ್ದರಿಂದಲೇ ಇದು ಕಲಿಸುವವರ ಹೊಣೆ.

ಬೆಂಚಿನಕೊನೆ

ನಮ್ಮ ಕಾಲೇಜಿನಲ್ಲಿ ಪ್ರತಿ ಜುಲೈ ತಿಂಗಳ ವನಮಹೋತ್ಸವಕ್ಕೆ ಮೈದಾನದ ಪಕ್ಕದ ಖಾಲಿ ನೆಲದಲ್ಲೇ ಸಸಿ ನೆಡುತ್ತೇವೆ. ಅಲ್ಲಿ ಟಿಟ್ಟಿಭ ಹಕ್ಕಿಗಳು ಕಲ್ಲುಗಳ ನಡುವೆ ಮೊಟ್ಟೆ ಇಡುತ್ತವೆ. ಅದನ್ನು ಖಾಲಿ ನೆಲ ಎಂದೇ ನಾನೂ ಕರೆಯುತ್ತಿದ್ದೆ.

ಅಂಕಿಅಂಶ

ಒಣಹುಲ್ಲು ಅವರ ಮಾತಿಗೆ ನನ್ನದೊಂದು ಎಚ್ಚರಿಕೆ. ಹುಲ್ಲುಗಾವಲು ಯಾವಾಗಲೂ ಹುಲ್ಲುಗಾವಲಾಗಿಯೇ ಇತ್ತು ಎಂದು ಹೇಳುವುದಕ್ಕೂ ಪುರಾವೆ ಬೇಕು. ಕೆಲವು ಕಡೆ ಮೇವು, ಬೆಂಕಿ, ಕಡಿತಗಳಿಂದ ಆದ ಬಯಲೂ ಇರಬಹುದು. ವಿದ್ಯಾರ್ಥಿಗೆ ಒಂದು ಸಿದ್ಧಾಂತದ ಬದಲು ಇನ್ನೊಂದು ಸಿದ್ಧಾಂತವನ್ನು ಕೊಡುವುದು ಬೇಡ.

ಒಣಹುಲ್ಲು

ಒಪ್ಪುತ್ತೇನೆ. ಆದರೆ ಸಸಿ ನೆಡುವ ಮೊದಲು ಆ ಪುರಾವೆಯನ್ನು ಯಾರೂ ಕೇಳುವುದಿಲ್ಲವಲ್ಲ. ಪ್ರಶ್ನೆ ಎರಡೂ ಕಡೆಗೆ ಸಮನಾಗಿರಲಿ.

ಗಸ್ತುದಾರಿ

ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಅನುಮತಿಯ ಬಗ್ಗೆ ಕಾಲೇಜುಗಳಲ್ಲಿ ಬಹಳ ತಪ್ಪುಕಲ್ಪನೆಯಿದೆ. 1972ರ ವನ್ಯಜೀವಿ ಕಾಯ್ದೆಯ 28ನೇ ಕಲಮಿನಂತೆ ಅಧ್ಯಯನಕ್ಕಾಗಿ ಅಭಯಾರಣ್ಯ ಪ್ರವೇಶಿಸಲು ಅನುಮತಿ ಕೊಡಲು ಅವಕಾಶವಿದೆ, ಆದರೆ ಹಿಂದಿನ ವಾರ ಅರ್ಜಿ ಹಾಕಿ ಬಸ್ಸು ಹೊರಡಿಸಿದರೆ ಆಗದು. ಏನನ್ನು, ಎಲ್ಲಿ, ಎಷ್ಟು ಜನ, ಯಾವ ದಿನ, ಏನನ್ನಾದರೂ ಕೀಳುತ್ತೀರೋ ಹಿಡಿಯುತ್ತೀರೋ ಎಂಬುದನ್ನು ಸ್ಪಷ್ಟವಾಗಿ ಬರೆದು, ತಿಂಗಳುಗಳ ಮೊದಲೇ ಕೊಡಬೇಕು.

ಪದವಿ ತರಗತಿಗೆ ಇದರ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಊರಿನ ಕೆರೆ, ಗುಂಡುತೋಪು, ಗೋಮಾಳ ಇವೆಲ್ಲ ಇವೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಎಷ್ಟೋ ಕಡೆ ಆ ಪುಸ್ತಕ ಹೆಸರಿಗಷ್ಟೇ ಇದೆ. ನಿಮ್ಮ ವಿದ್ಯಾರ್ಥಿಗಳು ಒಂದು ಪಂಚಾಯಿತಿಯ ಪುಸ್ತಕವನ್ನು ತೆಗೆದುಕೊಂಡು, ಅದರಲ್ಲಿ ಬರೆದ ಗಿಡ ನಿಜವಾಗಿ ಅಲ್ಲಿದೆಯೇ ಎಂದು ನೋಡಿ ಬಂದರೂ ಸಾಕು, ಊರಿಗೂ ಉಪಯೋಗವಾಗುತ್ತದೆ.

ಹಾಗೆಯೇ ಕೀಟಗಳ ಪೆಟ್ಟಿಗೆ ಮಾಡಿಸುವ ಹಳೆಯ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿ. ಚಿಟ್ಟೆಗಳಲ್ಲೂ ಕಾನೂನಿನ ರಕ್ಷಣೆ ಪಡೆದವಿವೆ, ಅದು ತಿಳಿಯದೆ ವಿದ್ಯಾರ್ಥಿಗಳು ಅವನ್ನು ಸೂಜಿಗೆ ಚುಚ್ಚಿ ತರುತ್ತಾರೆ.

ಬಿಳಿಗಿರಿಹಾದಿ

ಸಂರಕ್ಷಣೆಯ ಪಾಠದ ಬಗ್ಗೆ ಒಂದು ಮಾತು. "ಅರಣ್ಯಕ್ಕಿರುವ ಅಪಾಯಗಳು" ಎಂಬ ಪಟ್ಟಿಯಲ್ಲಿ ಬೆಂಕಿ, ದನಗಾವಲು, ಸ್ಥಳೀಯ ಜನ ಎಂದು ಸಾಲಾಗಿ ಬರೆಸುತ್ತೇವೆ. ಆ ಸ್ಥಳೀಯ ಜನರ ಮಗಳೇ ಮೂರನೇ ಸಾಲಿನಲ್ಲಿ ಕುಳಿತು ಅದನ್ನು ಬರೆದುಕೊಳ್ಳುತ್ತಿರುತ್ತಾಳೆ.

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಬದುಕುವ ಬುಡಕಟ್ಟಿನವರಾದ ಸೋಲಿಗರು ಬೇಸಿಗೆಯ ಆರಂಭದಲ್ಲಿ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದನ್ನು ತರಗುಬೆಂಕಿ ಎನ್ನುತ್ತಾರೆ. 1970ರ ದಶಕದಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಾಂಟಾನ ಎಂಬ ಹೊರದೇಶದ ಪೊದೆ ಇಷ್ಟು ಹಬ್ಬಿದ್ದಕ್ಕೂ, ನೆಲ್ಲಿಮರಗಳ ಮೇಲೆ ಉಪ್ಪಿಲು ಎಂಬ ಪರಾವಲಂಬಿ ಗಿಡ ಹೆಚ್ಚಿದ್ದಕ್ಕೂ ಬೆಂಕಿ ನಿಂತದ್ದೇ ಕಾರಣವೆಂದು ಸೋಲಿಗರು ಹೇಳುತ್ತಾ ಬಂದಿದ್ದಾರೆ. ಸಂಶೋಧಕರು ಇದನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ. 2011ರಲ್ಲಿ, ಆ ಕಾಡು ಹುಲಿಧಾಮವಾದ ವರ್ಷವೇ, ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳೂ ಸಿಕ್ಕವು. ಇಂತಹದನ್ನು ಕಲಿಸುವಾಗ ಸೋಲಿಗರು ಹೇಳಿದ್ದೆಲ್ಲ ಸರಿ ಎನ್ನಬೇಕಾಗಿಲ್ಲ. ಅವರ ಮಾತು ಪರೀಕ್ಷೆಗೆ ಒಡ್ಡಬಹುದಾದ ಒಂದು ಊಹನೆ ಎಂದು ಒಪ್ಪಿದರೆ ಸಾಕು. ಅಪಾಯಗಳ ಪಟ್ಟಿಯಿಂದ ಜ್ಞಾನದ ಪಟ್ಟಿಗೆ ಆ ಹುಡುಗಿಯ ಅಜ್ಜ ಬರುತ್ತಾನೆ.

ಗಸ್ತುದಾರಿ

ಕಾಡ್ಗಿಚ್ಚಿನಲ್ಲಿ ಸಹೋದ್ಯೋಗಿಗಳನ್ನು ಕಳೆದುಕೊಂಡವನು ನಾನು. ಒಣಗಿದ ಲಾಂಟಾನ ತುಂಬಿರುವ ಇಂದಿನ ಕಾಡಿನಲ್ಲಿ ಹಾಕಿದ ಬೆಂಕಿ ಅಂದಿನ ತರಗುಬೆಂಕಿಯಂತೆ ನೆಲದಲ್ಲೇ ನಿಲ್ಲುವುದಿಲ್ಲ, ಮರಕ್ಕೇರುತ್ತದೆ. ಇದನ್ನೂ ಅದೇ ಪಾಠದಲ್ಲಿ ಹೇಳಬೇಕು.

ಬಿಳಿಗಿರಿಹಾದಿ

ಖಂಡಿತ ಹೇಳಬೇಕು. ನಿಮ್ಮಂಥವರು ತರಗತಿಗೆ ಬಂದು ಹೇಳಿದರೆ ಇನ್ನೂ ಒಳ್ಳೆಯದು.

ಹೊಂಗೆನೆರಳು

ಎಲ್ಲರ ಮಾತನ್ನೂ ಬರೆದಿಟ್ಟುಕೊಂಡಿದ್ದೇನೆ. ಒಂದು ಯೋಜನೆ ಮನಸ್ಸಿಗೆ ಬಂದಿದೆ. ಕಾಲೇಜಿನ ಹಿಂಬದಿಯಲ್ಲಿ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಎದೆಯೆತ್ತರ ಬೆಳೆದಿದೆ. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಮೊನ್ನೆ ಮಳೆಯ ನಂತರ ನೋಡಿದಾಗ ಬಿಳಿಮೈಯ ಮೇಲೆ ಕಂದುಗೆರೆಗಳಿರುವ ಆ ಜೀರುಂಡೆಗಳು ನಮ್ಮಲ್ಲೂ ಇವೆ. 64 ಜನರನ್ನು ನಾಲ್ವರಂತೆ 16 ಗುಂಪು ಮಾಡಿ, ನಾಲ್ಕು ಗೂಟ ಮತ್ತು ದಾರದಿಂದ ಪ್ರತಿ ಗುಂಪಿಗೂ ಒಂದು ಚದರ ಮೀಟರಿನ ಚೌಕ ಕಟ್ಟಿಸಿ, ಪ್ರತಿ ವಾರ ಅದೇ ಚೌಕದಲ್ಲಿ ಗಿಡ, ಜೀರುಂಡೆ, ತಿಂದ ಎಲೆ ಮೂರನ್ನೂ ಎಣಿಸಿದರೆ ಹೇಗೆ?

ತಾಯಿಬೇರು

ಬಹಳ ಒಳ್ಳೆಯ ಯೋಜನೆ. ಆದರೆ ಬರಿಗೈಯಲ್ಲಿ ಮುಟ್ಟಿಸಬೇಡಿ. ಪಾರ್ಥೇನಿಯಂ ಚರ್ಮಕ್ಕೆ ಉರಿ, ತುರಿಕೆ ತರುತ್ತದೆ, ಅದರ ಪರಾಗದಿಂದ ಕೆಲವರಿಗೆ ಉಬ್ಬಸವೂ ಬರುತ್ತದೆ. ಆಸ್ತಮಾ ಇರುವವರನ್ನು ಮೊದಲೇ ಕೇಳಿ, ಅವರಿಗೆ ಅದೇ ದಿನ ಬೇರೆ ಕೆಲಸ ಕೊಡಿ. ಕೈಗವಸು, ಮಾಸ್ಕ್, ತುಂಬುತೋಳು ಎಲ್ಲರಿಗೂ ಕಡ್ಡಾಯವಾಗಲಿ.

ಅಂಕಿಅಂಶ

ಚೌಕ ಎಲ್ಲಿ ಎಂಬುದನ್ನು ವಿದ್ಯಾರ್ಥಿಗಳು ಆರಿಸದಿರಲಿ. ನೆಲದ ನಕ್ಷೆ ಬರೆದು, ಗೆರೆ ಹಾಕಿ, ಚೀಟಿ ಎತ್ತಿಸಿ. ಪ್ರತಿ ವಾರ ಮರಳುವುದು ಈ ಯೋಜನೆಯ ಜೀವ. ಬಂಡೀಪುರದ ಪಕ್ಕದ ಮುದುಮಲೆಯಲ್ಲಿ 1988ರಿಂದ 50 ಹೆಕ್ಟೇರ್ ಕಾಡಿನ ಮರಗಳಿಗೆ, ಒಂದು ಸೆಂಟಿಮೀಟರ್ ದಪ್ಪದ ಗಿಡಕ್ಕೂ ಬಿಡದೆ, ಸಂಖ್ಯೆ ಕಟ್ಟಿ ನೋಡುತ್ತಿದ್ದಾರೆ. ಬರ, ಬೆಂಕಿ, ಆನೆ ಇವುಗಳಿಂದ ಯಾವ ಮರ ಸತ್ತಿತು, ಯಾವುದು ಉಳಿಯಿತು ಎಂಬುದು ಅಲ್ಲಿ ತಿಳಿದದ್ದು ಮತ್ತೆ ಮತ್ತೆ ಅಲ್ಲಿಗೇ ಹೋದದ್ದರಿಂದ. ನಿಮ್ಮ 16 ಚದರ ಮೀಟರಿಗೂ ಅದೇ ನಿಯಮ.

ಹರ್ಬೇರಿಯಂಮೇಷ್ಟ್ರು

ಪ್ರತಿ ಚೌಕದ ಉಳಿದ ಗಿಡಗಳ ಹೆಸರನ್ನೂ ಬರೆಯಿಸಿ, ಎರಡೂ ಭಾಷೆಯಲ್ಲಿ. ತಿಳಿಯದ್ದನ್ನು ಒತ್ತಿಟ್ಟು ಚಿತ್ರ ಕಳಿಸಿದರೆ ಗುರುತಿಸಿ ಕೊಡುವ ಕೆಲಸ ನನ್ನದು. "ಅ, ಆ, ಇ" ಎಂದು ಬರೆದರೂ ಪರವಾಗಿಲ್ಲ, ಸೆಮಿಸ್ಟರಿನ ಕೊನೆಗೆ ಆ ಅಕ್ಷರಗಳ ಮುಂದೆ ಹೆಸರಿರಲಿ.

ಕ್ಯಾಸನೂರುಹತ್ತಿರ

ಈ ಜೀರುಂಡೆ ಸೂರ್ಯಕಾಂತಿಯನ್ನೂ ತಿನ್ನುತ್ತದೆ ಎಂಬ ಆತಂಕ 1990ರ ದಶಕದ ಆರಂಭದಲ್ಲಿ ನಮ್ಮ ರಾಜ್ಯದಲ್ಲೇ ಎದ್ದಿತ್ತು. ಹೊರಗಿನ ಜೀವಿಯನ್ನು ಬಿಡುವ ಮೊದಲು ಏನೇನು ಪರೀಕ್ಷಿಸಬೇಕೆಂಬ ಚರ್ಚೆಗೆ ಅದನ್ನು ಬಳಸಿಕೊಳ್ಳಿ. ಮನೆಯಲ್ಲಿ ಸೂರ್ಯಕಾಂತಿ ಬೆಳೆಯುವವರು ನಿಮ್ಮ ತರಗತಿಯಲ್ಲಿ ಇದ್ದೇ ಇರುತ್ತಾರೆ.

ಹೊಂಗೆನೆರಳು (ಐದು ವಾರಗಳ ನಂತರ)

ವರದಿ ಒಪ್ಪಿಸುತ್ತಿದ್ದೇನೆ. ಆಂತರಿಕ ಅಂಕಗಳಲ್ಲಿ ಅರ್ಧವನ್ನು ಕ್ಷೇತ್ರದ ಟಿಪ್ಪಣಿ ಪುಸ್ತಕಕ್ಕೆ ಕೊಡಲು ವಿಭಾಗದಲ್ಲಿ ಒಪ್ಪಿದರು. ಮೂವರಿಗೆ ಉಬ್ಬಸದ ತೊಂದರೆಯಿದ್ದುದರಿಂದ ಅವರು ದೂರದಲ್ಲಿರುವ ಹೊಂಗೆಮರದ ಎಲೆಗಳನ್ನು ನೋಡುತ್ತಿದ್ದಾರೆ.

ಮೊದಲ ವಾರ ಗದ್ದಲವೋ ಗದ್ದಲ. ಎರಡು ಗುಂಪುಗಳು ಮೊಳಕೆಗಳನ್ನು ಗಿಡವೆಂದು ಎಣಿಸಿದ್ದವು, ಉಳಿದವು ಎಣಿಸಿರಲಿಲ್ಲ. ಗಿಡ ಎಂದರೆ ಏನು ಎಂದು ತೀರ್ಮಾನಿಸಲು ಒಂದಿಡೀ ಅವಧಿ ಹೋಯಿತು. ಆ ಅವಧಿಯನ್ನು ಕಳೆದುಕೊಂಡೆನೆಂದು ನನಗೆ ಅನಿಸಲಿಲ್ಲ. ಎರಡನೇ ವಾರದಿಂದ ಲೆಕ್ಕ ಹಿಡಿತಕ್ಕೆ ಬಂತು. ಈಗ 16ರಲ್ಲಿ 11 ಚೌಕಗಳಲ್ಲಿ ಜೀರುಂಡೆ ಇದೆ, ಗೋಡೆಯ ಪಕ್ಕದ 5 ಚೌಕಗಳಲ್ಲಿ ಒಂದೂ ಇಲ್ಲ. ಹೊಂಗೆಯ ಹೆಸರು ಹೇಳಿದ್ದ ಆ ಹುಡುಗ, ಗೋಡೆಯ ಬುಡದಲ್ಲಿ ಕಟ್ಟಡದ ಕಲ್ಲುಮಣ್ಣು ಸುರಿದಿರುವುದರಿಂದ ಜೀರುಂಡೆಗಳು ಬೇಸಿಗೆಯಲ್ಲಿ ಮಣ್ಣೊಳಗೆ ಹುದುಗಿ ಮಲಗಲು ಆಗಿಲ್ಲ ಎನ್ನುತ್ತಾನೆ. ನೆಲ ಅಗೆದು ಗೊತ್ತಿರುವವನು ಅವನು. ಇನ್ನೊಂದು ಗುಂಪಿನ ಹುಡುಗಿ, ಅಲ್ಲಿ ಮಧ್ಯಾಹ್ನದ ನಂತರ ನೆರಳು ಬೀಳುವುದೇ ಕಾರಣ ಎನ್ನುತ್ತಾಳೆ. ಇಬ್ಬರೂ ಬಿಟ್ಟುಕೊಡುತ್ತಿಲ್ಲ. ಇದನ್ನು ತೀರ್ಮಾನಿಸುವುದು ಹೇಗೆ?

ಅಂಕಿಅಂಶ

ಇಷ್ಟರಿಂದ ತೀರ್ಮಾನಿಸಲಾಗದು, ಏಕೆಂದರೆ ನಿಮ್ಮ ಗೋಡೆಯ ಬಳಿ ನೆರಳೂ ಕಲ್ಲುಮಣ್ಣೂ ಒಟ್ಟಿಗೇ ಇವೆ. ನೆರಳಿದ್ದು ಮೆದುಮಣ್ಣಿರುವ ಜಾಗ ಒಂದು, ಬಿಸಿಲಿದ್ದು ಕಲ್ಲುಮಣ್ಣಿರುವ ಜಾಗ ಒಂದು, ಎರಡನ್ನೂ ಹುಡುಕಿ ತಲಾ ನಾಲ್ಕು ಚೌಕ ಸೇರಿಸಿ. ಎಲ್ಲಿ ಸಿಗುತ್ತದೆಂದು ಆ ಇಬ್ಬರನ್ನೇ ಒಟ್ಟಿಗೆ ಕಳಿಸಿ.

ಹೊಂಗೆನೆರಳು

ಹೊಂಗೆಮರದ ಕೆಳಗೇ ನೆರಳೂ ಮೆದುಮಣ್ಣೂ ಇದೆ, ಅಂಚಿನಲ್ಲಿ ಪಾರ್ಥೇನಿಯಮ್ಮೂ ಇದೆ. ಬಿಸಿಲಿನ ಕಲ್ಲುಮಣ್ಣಿಗೆ ಹಳೆಯ ಸೈಕಲ್ ನಿಲ್ದಾಣದ ಹಿಂಭಾಗ ಆಗಬಹುದು. ಸೋಮವಾರ ಬೆಳಿಗ್ಗೆ ಏಳೂವರೆಗೆ ಗೂಟ ತರಲು ಹೇಳಿದ್ದೇನೆ.